ಕೋಟೆಗೆ ಬೆನ್ನು ಹಾಕಿ

ನಮ್ಮೂರಿಗೆ ಬಂದವರು ಬಸ್ಸಿಳಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಇಲ್ಲಿ ನೋಡುವಂಥದ್ದು ಏನೇನಿದೆ? ಅದಕ್ಕೆ ಉತ್ತರ ಹೇಳುವುದೇ ನನ್ನ ಹೊಟ್ಟೆಪಾಡು. ಗುಡ್ಡದ ಮೇಲೆ ದೀಪಸ್ತಂಭ ಇದೆ, ತೆಂಕು ತುದಿಯಲ್ಲಿ ಕಲ್ಲಿನ ಬಸದಿ ಇದೆ, ಅಳಿವೆಯ ಕಾಂಡ್ಲ ಕಾಡಿನಲ್ಲಿ ನೀರುನಾಯಿಗಳಿವೆ, ಬಡಗಿನ ಮರಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಹಳೇ ಸುಂಕದ ಕಟ್ಟೆಯ ಹಿಂದಿನ ಮರದ ತುಂಬ ಬಾವಲಿಗಳು. ಎಲ್ಲಕ್ಕೂ ಮಿಗಿಲಾಗಿ ಕಡಲ ನಡುವೆ ಕೋಟೆ ಇದೆ. ಹೊರಗಿನವರು ಇವನ್ನೆಲ್ಲ ಎಷ್ಟು ಸಲ ಬೇಕಾದರೂ ನೋಡಬಹುದು. ಊರಲ್ಲಿ ಹುಟ್ಟಿದವರಿಗೆ ಒಂದೊಂದೂ ಒಂದೇ ಸಲ.

ನೋಡುತ್ತಿರುವಷ್ಟು ಹೊತ್ತು ಕಾಣುತ್ತದೆ. ರೆಪ್ಪೆ ಬಡಿದರೆ ಅಡ್ಡಿಯಿಲ್ಲ. ಮುಖ ತಿರುಗಿಸಿದರೆ ಮುಗಿಯಿತು. ಮತ್ತೆ ಅತ್ತ ನೋಡಿದರೆ ದೀಪಸ್ತಂಭವಿದ್ದಲ್ಲಿ ಬರೀ ಆಕಾಶ, ಕೋಟೆಯಿದ್ದಲ್ಲಿ ಬೋಳು ಬಂಡೆ. ಕೋಟೆಯೊಳಗೆ ಗೂಡು ಕಟ್ಟಿದ ಹಕ್ಕಿಯೂ ಕೋಟೆಯ ಜೊತೆಗೇ ಹೋಗುತ್ತದೆ. ಕೈಗೆ ತಾಗುತ್ತದೆ, ಕಾಲಿಗೆ ಎಡವುತ್ತದೆ, ಕಿವಿಗೆ ಕೇಳುತ್ತದೆ, ಕಣ್ಣಿಗೆ ಮಾತ್ರ ಇಲ್ಲ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಿಮ್ಮೂರಿನ ಮಾವಿನಮರ ಯಾಕೆ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುತ್ತದೆ ಅಂತ ನಾನು ಕೇಳಿದೆನೆ?

ಹೀಗಾಗಿ ನಮ್ಮಲ್ಲಿ ಗುಡ್ಡದ ಕಡೆಗೆ ಯಾರೂ ಕಿಟಕಿ ಇಡುವುದಿಲ್ಲ. ಕೆಲವು ತಿರುವುಗಳಲ್ಲಿ ಬಿರುಬೇಸಿಗೆಯಲ್ಲೂ ಹೆಂಗಸರು ಕೊಡೆ ಬಿಡಿಸಿ ಎಡಗಡೆಗೆ ವಾಲಿಸಿ ನಡೆಯುತ್ತಾರೆ. ಬಸ್ಸು ಕಡಲ ದಾರಿಗೆ ಬಂದಾಗ ಕಂಡಕ್ಟರು "ಕೋಟೆ, ಕೋಟೆ!" ಎಂದು ಕೂಗುತ್ತಾನೆ. ಹೊರಗಿನವರು ಎದ್ದುನಿಂತು ನೋಡುತ್ತಾರೆ, ಊರಿನವರು ತಲೆ ತಗ್ಗಿಸಿ ತಮ್ಮ ಕಾಲಿನ ಉಗುರು ನೋಡುತ್ತಾರೆ. ಆಮೆಯ ಮೊಟ್ಟೆ ಕಾಯುವ ಕೆಲಸಕ್ಕೆ ಆಮೆ ನೋಡಿ ಮುಗಿಸಿದವರೇ ಆಗಬೇಕು, ನೋಡದವರು ಆ ದಂಡೆಗೆ ಹೋಗುವುದೇ ಇಲ್ಲವಲ್ಲ. ಮರಿಗಳು ಹೊರಡುವ ದಿನಗಳಲ್ಲಿ ಆ ಕಾವಲಿನವರು ಹಿಡಿಸೂಡಿಯಿಂದ ಕಾಲ ಮುಂದೆ ಮೆಲ್ಲಗೆ ಗುಡಿಸುತ್ತ ಒಂದೊಂದೇ ಹೆಜ್ಜೆ ಇಡುತ್ತಾರೆ. ಕಾಣದ ಮರಿಯನ್ನು ತುಳಿಯಬಾರದು ಅಂತ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ, ಅಡುಗೆ ಬರುತ್ತದಾ ಅಂತ ಕೇಳುವುದಿಲ್ಲ. "ಹುಡುಗಿಗೆ ಎಂತೆಲ್ಲ ನೋಡ್ಲಿಕ್ಕೆ ಬಾಕಿ ಉಂಟು?" ಅಂತ ಕೇಳುತ್ತಾರೆ. ಫೋಟೋದಲ್ಲೂ ಇದೇ ಕಥೆ. ನೋಡಿದವರಿಗೆ ಫೋಟೋದಲ್ಲಿ ಬಂಡೆ ಮಾತ್ರ ಕಾಣುತ್ತದೆ, ನೋಡದವರು ಫೋಟೋ ನೋಡಿದರೆ ಅದೇ ಅವರ ಪಾಲಿನ ನೋಟ. ಮೊಬೈಲು ಬಂದ ಮೇಲೆ ಹಾಗೆ ಕಳೆದುಕೊಂಡು ಅತ್ತವರು ಬೇಕಾದಷ್ಟು ಜನ ಇದ್ದಾರೆ.

ಗೈಡ್ ಆಗಬೇಕಾದರೆ ಎಲ್ಲವನ್ನೂ ನೋಡಿ ಮುಗಿಸಿರಬೇಕು. ನೋಡದೆ ಹೇಳುವುದು ಹೇಗೆ? ಕೆಲಸಕ್ಕೆ ಸೇರಿದ ವಾರವೇ ನನಗೆ ಒಂದೊಂದಾಗಿ ಎಲ್ಲ ತೋರಿಸಿದರು. ಕೋಟೆಯನ್ನು ಒಂದು ಬೆಳಗ್ಗೆ ನೋಡಿದೆ. ಬಾಗಿಲಿನ ಮೇಲೆ ಸೊಂಡಿಲಿಗೆ ಸೊಂಡಿಲು ಸುತ್ತಿದ ಎರಡು ಆನೆ. ಒಳಗೆ ಅಂಗಳ, ಸಿಹಿನೀರಿನ ಬಾವಿ. ಬಡಗು ಮೂಲೆಯಲ್ಲಿ ಎತ್ತರದ ಬುರುಜು, ಅದರ ನೆತ್ತಿಯ ಬಿರುಕಿನಿಂದ ಎದ್ದ ಗೋಳಿಮರ, ಆ ಮರದಲ್ಲಿ ಕಡಲಹದ್ದಿನ ಗೂಡು. ಗೂಡು ಒಂದು ಮಂಚದಷ್ಟು ಅಗಲ. ಹೆಣ್ಣು ಹದ್ದು ಅಂಚಿನಲ್ಲಿ ಕೂತಿತ್ತು. ಗಂಡು ಮೀನು ಹಿಡಿದುಕೊಂಡು ಬಂತು, ಅದರ ಬಿಳಿ ಹೊಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಆ ಒಂದು ಬೆಳಗ್ಗೆಯನ್ನೇ ನಾನು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಅಂಗಳದಲ್ಲಿ ನಿಂತು ಕೊಡೆಯ ತುದಿಯನ್ನು ಖಾಲಿ ಆಕಾಶಕ್ಕೆ ತೋರಿಸಿ "ಅಲ್ಲಿ ನೋಡಿ" ಎನ್ನುತ್ತೇನೆ. ನನ್ನಷ್ಟು ಚೆನ್ನಾಗಿ ಹೇಳುವ ಗೈಡು ಇನ್ನೊಬ್ಬಳಿಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದಿರುವುದು ನಮ್ಮ ಊರಿನವರ ಹೊಟ್ಟೆಕಿಚ್ಚಿನಿಂದ.

ಜನರನ್ನು ಕೋಟೆಗೆ ಕರೆದೊಯ್ಯುವ ದೋಣಿ ನಮ್ಮವರದ್ದು, ನನ್ನ ಗಂಡನದ್ದು. ಹೆಸರು ದೇಜಪ್ಪ. ಚಿಕ್ಕವರಿದ್ದಾಗ ಅವರು ದೊಡ್ಡ ದುಂದುಗಾರ. ಒಂದೇ ಬೇಸಿಗೆಯಲ್ಲಿ ದೀಪಸ್ತಂಭ, ಬಸದಿ, ನೀರುನಾಯಿ, ಆಮೆ, ಬಾವಲಿ ಎಲ್ಲವನ್ನೂ ನೋಡಿ ಮುಗಿಸಿದ್ದರು. ಆಮೇಲೆ ಬುದ್ಧಿ ಬಂತು. ಉಳಿದ ಕೋಟೆಯೊಂದನ್ನು ಗಂಟು ಕಟ್ಟಿ ಇಟ್ಟುಕೊಂಡರು. ಕೋಟೆ ನೋಡದವನು ಕೋಟೆಗೆ ದೋಣಿ ಹಾಕುವುದು ಹೇಗೆ ಎಂದರೆ, ಹುಟ್ಟು ಹಾಕುವವನು ಕೂರುವುದೇ ಮುಂದಕ್ಕೆ ಬೆನ್ನು ಮಾಡಿ. ಹೋಗುವಾಗ ಅವರ ಮುಖ ಊರಿಗೆ, ಬೆನ್ನು ಕೋಟೆಗೆ. ವಾಪಸು ಬರುವಾಗ ಕೋಟೆ ಎದುರಾಗುತ್ತದೆ, ಆಗ ಹೆಗಲ ಮೇಲಿನ ಬೈರಾಸನ್ನು ಕಣ್ಣಿಗೆ ಕಟ್ಟಿಕೊಳ್ಳುತ್ತಾರೆ. ನಾನು ಅವರ ಎದುರಿಗೆ ಕೂತು "ಎಡಕ್ಕೆ, ಇನ್ನೂ ಎಡಕ್ಕೆ, ಸಾಕು" ಎಂದು ದಾರಿ ಹೇಳುತ್ತೇನೆ. ನಮ್ಮ ಸಂಸಾರ ನಡೆದದ್ದೇ ಹಾಗೆ. ನನ್ನ ವಿವರಣೆ ಅವರಿಗೆ ಬಾಯಿಪಾಠ. ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೆ ಅನ್ನುವುದೂ ಗೊತ್ತು.

"ನೀನು ಹೇಳುವುದು ಕೇಳಿ ಕೇಳಿ ಅರ್ಧ ನೋಡಿ ಆಗಿದೆ ಮಾರಾಯ್ತಿ. ಇನ್ನರ್ಧ ನೋಡ್ಲಿಕ್ಕೆ ಬಾಕಿ" ಎನ್ನುತ್ತಿದ್ದರು.

ದೋಣಿಯ ಸುತ್ತ ಕಪ್ಪು ತಲೆಯ ಬಿಳಿ ಕಡಲಕ್ಕಿಗಳು ಸದಾ ಹಾರಾಡುತ್ತಿರುತ್ತವೆ. ಅವನ್ನು ಕಂಡಾಗಲೆಲ್ಲ ನಮ್ಮವರದ್ದು ಒಂದೇ ಪ್ರಶ್ನೆ: "ಇವು ಮೊಟ್ಟೆ ಎಲ್ಲಿ ಇಡ್ತವೆ ಅಂತ? ಮರದಲ್ಲಿಲ್ಲ, ದಂಡೆಯಲ್ಲಿಲ್ಲ. ನಮ್ಮ ಅಜ್ಜನಿಗೂ ಗೊತ್ತಿರ್ಲಿಲ್ಲ."

"ಇಟ್ಟಲ್ಲಿ ಇಡ್ಲಿ, ನಿಮಗೆಂತ? ಹುಟ್ಟು ಹಾಕಿ" ಎನ್ನುತ್ತಿದ್ದೆ. ನನಗೆ ಆ ಹಕ್ಕಿಗಳನ್ನು ಕಂಡರೆ ಆಗುವುದಿಲ್ಲ. ಈಚಿನ ವರ್ಷಗಳಲ್ಲಂತೂ ಕೋಟೆಯೊಳಗೆ ಅವುಗಳದ್ದೇ ಗಲಾಟೆ. ನಾನು ಬುರುಜಿನ ವಿಷಯಕ್ಕೆ ಬಂದ ಹೊತ್ತಿಗೆ ಸರಿಯಾಗಿ ಕಿರಿಚಿಕೊಳ್ಳುತ್ತಿದ್ದವು.

ಕಳೆದ ವರ್ಷ ಪ್ರವಾಸೋದ್ಯಮದವರು ಬಂದು ಮುಂದಿನ ಹಂಗಾಮಿನಿಂದ ಹುಟ್ಟಿನ ದೋಣಿ ಬೇಡ, ಯಂತ್ರದ ಬೋಟು ಬರುತ್ತದೆ ಎಂದರು. ನಡೆಸುವ ಕೆಲಸ ನಮ್ಮವರಿಗೇ ಕೊಡುತ್ತಾರಂತೆ. ಆದರೆ ಯಂತ್ರದ ಬೋಟನ್ನು ಮುಂದೆ ನೋಡಿಕೊಂಡೇ ಓಡಿಸಬೇಕು. ಕಣ್ಣಿಗೆ ಬೈರಾಸು ಕಟ್ಟಿಕೊಂಡವನ ಕೈಗೆ ಯಾರು ಸ್ಟೀರಿಂಗ್ ಕೊಡುತ್ತಾರೆ? ಮಳೆಗಾಲ ಹಿಡಿಯುವ ಮೊದಲು ಹುಟ್ಟಿನ ದೋಣಿಯ ಕೊನೆಯ ದಿನ ಕೋಟೆ ನೋಡಿಬಿಡುವುದು ಅಂತ ಅವರು ನಿಶ್ಚಯ ಮಾಡಿದರು. ಹೊಸ ಅಂಗಿ ಹೊಲಿಸಿಕೊಂಡರು. ಮದುವೆಗೂ ಅಷ್ಟು ಹುರುಪಿರಲಿಲ್ಲ, ನಾನು ನೋಡಿದ್ದೇನಲ್ಲ.

ಅದಕ್ಕೆ ಹದಿನೈದು ದಿನ ಮುಂಚೆ ಅನಸೂಯಮ್ಮ ಎನ್ನುವವರು ಬಂದರು. ಘಟ್ಟದ ಮೇಲಿನವರು, ಶಾಲೆಯ ಟೀಚರು, ದಪ್ಪ ಕನ್ನಡಕ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ನಮ್ಮ ಕೋಟೆ ನೋಡಿದ್ದರಂತೆ, ಈಗ ಮಗಳಿಗೆ ತೋರಿಸಲು ಬಂದಿದ್ದರು. ನಾನು ಅಂಗಳದಲ್ಲಿ ನಿಂತು ಕೊಡೆ ಎತ್ತಿ ಬುರುಜಿನ ಬಗ್ಗೆ ಹೇಳತೊಡಗಿದೆ. ಆಕೆ ಒಮ್ಮೆ ಕೊಡೆಯ ತುದಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಯಾವ ಬುರುಜು ಅಮ್ಮ?" ಎಂದರು.

"ಎದುರಿಗೆ ಅಷ್ಟೆತ್ತರ ನಿಂತಿದೆಯಲ್ಲ, ಅದೇ. ಸರಿಯಾಗಿ ನೋಡಿ."

"ನಾವು ಆಗ ಬಂದಾಗ ಇತ್ತು. ಅದರ ಮುಂದೆ ಫೋಟೋ ಕೂಡ ತೆಗೆಸ್ಕೊಂಡಿದ್ವಿ. ಈಗ ಅಲ್ಲಿ ಬರೀ ಕಲ್ಲಿನ ರಾಶಿ ಇದೆ. ಮರ ಇಲ್ಲ, ಹದ್ದೂ ಇಲ್ಲ. ನಿಮ್ಮೂರಲ್ಲಿ ಯಾರೂ ನಿಮಗೆ ಹೇಳ್ಲಿಲ್ವಾ?"

ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಅಂತಾರೆ. ನನಗೆ ಹಾಗೇ ಬಂತು. ಕನ್ನಡಕದ ನಂಬರು ಬದಲಾಯಿಸಿ ಎಂದುಬಿಟ್ಟೆ. ಮಗಳು ಏನೋ ಹೇಳಹೊರಟಳು, ತಾಯಿ ಅವಳ ಕೈ ಒತ್ತಿದರು. ಆ ಕೈ ಒತ್ತಿದ್ದೇ ನನ್ನ ಮನಸ್ಸಿನಲ್ಲಿ ಕೂತಿತು. ಯಾಕೆಂದರೆ ಬೇರೆಯವರೂ ಹಾಗೆ ಮಾಡಿದ್ದರು. ನಾನು ಬುರುಜು ತೋರಿಸುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದವರು ಎಷ್ಟೋ ಮಂದಿ. ನನ್ನ ಮಾತಿಗೆ ಮರುಳಾಗಿದ್ದಾರೆ ಅಂದುಕೊಂಡಿದ್ದೆ. ಹೊರಗಿನವರು ಅರ್ಧ ದಿನಕ್ಕೆ ಬರುವವರು, ಅವರಿಗೇನು ಗೊತ್ತು ಎನ್ನುವುದು ನಮ್ಮೂರಿನ ಹಳೆಯ ಮಾತು. ಇನ್ನು ಊರಿನವರೋ, ನೋಡಿದವರಿಗೆ ಕಾಣುವುದಿಲ್ಲ, ನೋಡದವರು ನೋಡುವುದಿಲ್ಲ. ಬುರುಜು ಬಿದ್ದರೆ ಹೇಳುವವರು ಯಾರು?

ಅವರೆಲ್ಲ ಬಾವಿಯ ಬಳಿ ಬುತ್ತಿ ಬಿಚ್ಚಿದಾಗ ನಾನು ಬಡಗು ಮೂಲೆಗೆ ಹೋದೆ. ಇಷ್ಟು ವರ್ಷ ಅಂಗಳ ಬಿಟ್ಟು ಆಚೆ ಹೋಗಿರಲಿಲ್ಲ. ಕಾಣದ ಬುರುಜು ಹತ್ತಿ ಏನು ಮಾಡಲಿ? ಕಣ್ಣು ಮುಚ್ಚಿಕೊಂಡೇ ಮೆಟ್ಟಿಲು ಹತ್ತಿದೆ, ತೆರೆದರೆ ಕಾಲಡಿ ಬರೀ ಗಾಳಿ ಕಂಡು ತಲೆ ತಿರುಗುತ್ತದೆ. ಮೆಟ್ಟಿಲು ಮುಗಿದಲ್ಲಿ ಗೋಡೆ ಇರಬೇಕಿತ್ತು. ಕೈ ಚಾಚಿದೆ. ಏನೂ ಸಿಗಲಿಲ್ಲ. ಇನ್ನಷ್ಟು ಚಾಚಿದೆ, ಗಾಳಿ ತಾಗಿತು, ಕಡಲಿನ ಗಾಳಿ. ಬಗ್ಗಿ ತಡವಿದೆ. ಒಡೆದ ಕಲ್ಲು, ಅದರ ಮೇಲೆ ಇನ್ನೊಂದು ಒಡೆದ ಕಲ್ಲು, ಅಡ್ಡ ಬಿದ್ದು ಒಣಗಿದ ಮರದ ಕಾಂಡ. ತೊಗಟೆ ಕೈಯಲ್ಲಿ ಪುಡಿಯಾಯಿತು. ಸಂದಿಯಲ್ಲಿ ನುಣ್ಣಗಿನ ಬೆಚ್ಚಗಿನದೇನೋ ತಾಗಿತು. ಏನೆಂದು ತಿಳಿಯುವ ಮೊದಲೇ ಕಿವಿಯ ಬಳಿ ಕಿರಿಚುವ ಸದ್ದಾಗಿ ಅಂಗೈಗೆ ಏನೋ ಕುಕ್ಕಿತು. ರಕ್ತ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಹದ್ದಿನ ಕೂಗು ನಾನು ಕೇಳಿ ಎಷ್ಟು ವರ್ಷವಾಯಿತು ಎಂದು ಅಲ್ಲಿ ಕೂತು ಯೋಚಿಸಿದೆ, ನೆನಪಿಗೆ ಬರಲಿಲ್ಲ. ಕೇಳಬೇಕಾದರೆ ನಾನು ಬಾಯಿ ಮುಚ್ಚಬೇಕಿತ್ತಲ್ಲ.

ವಾಪಸು ಬರುವಾಗ ಅನಸೂಯಮ್ಮನ ಬಳಿ ಕ್ಷಮೆ ಕೇಳಿದೆ. ಅವರು ನನ್ನ ಕೈಗೆ ತಮ್ಮ ಕರವಸ್ತ್ರ ಕಟ್ಟಿದರು. ದಡ ಸೇರಿ ಬೈರಾಸು ಬಿಚ್ಚಿದ ಮೇಲೆ ನಮ್ಮವರು ಅದನ್ನು ನೋಡಿ "ಎಂತ ಆದದ್ದು?" ಎಂದರು. ಏಡಿ ಕಚ್ಚಿತು ಎಂದೆ.

ಹೇಳುವುದು ಹೇಗೆ? ಅವರ ಬದುಕಿನಲ್ಲಿ ಉಳಿದದ್ದು ಒಂದೇ ಒಂದು ನೋಟ, ಅದೂ ನನ್ನ ಮಾತು ನಂಬಿ ಕಾಯ್ದಿಟ್ಟದ್ದು. ಕಾದಿರುವುದು ಕಲ್ಲಿನ ರಾಶಿ ಎಂದು ಯಾವ ಬಾಯಿಂದ ಹೇಳಲಿ? ಹೇಳದೆ ಕರೆದುಕೊಂಡು ಹೋಗುವುದೂ ಸರಿಯಲ್ಲ. ಯಂತ್ರದ ಬೋಟು ಬೇಡ, ಟಿಕೆಟ್ ಕೊಡುವ ಕೆಲಸ ಕೇಳಿ, ನಿಮಗೆ ವಯಸ್ಸಾಯಿತು ಎಂದು ನೋಡಿದೆ. ಅನ್ನ ಬಡಿಸುವಾಗ ಹೇಳಿದೆ, ಬಲೆ ಒಣಗಿಸುವಾಗ ಹೇಳಿದೆ.

"ನಿನಗೆಂತ ಆಗಿದೆ?" ಎಂದರು ಅವರು. "ಇಷ್ಟು ವರ್ಷ ಊರಿಗೆಲ್ಲ ತೋರಿಸಿದೆ. ನನಗೆ ತೋರಿಸ್ಲಿಕ್ಕೆ ಮನಸ್ಸಿಲ್ವಾ?"

ಆಮೇಲೆ ನಾನು ಟಿಕೆಟಿನ ಮಾತು ಎತ್ತಲಿಲ್ಲ.

ಕೊನೆಯ ದಿನ ಪ್ರವಾಸಿಗಳನ್ನೆಲ್ಲ ಮಧ್ಯಾಹ್ನವೇ ದಡಕ್ಕೆ ಮುಟ್ಟಿಸಿ ನಾವಿಬ್ಬರೇ ಮತ್ತೆ ಹೊರಟೆವು. ಬಡಗಿನಲ್ಲಿ ಮೋಡ ಕಟ್ಟಿತ್ತು. ಅವರು ಹೊಸ ಅಂಗಿ ಹಾಕಿಕೊಂಡು ಎಂದಿನಂತೆ ಕೋಟೆಗೆ ಬೆನ್ನು ಮಾಡಿ ಹುಟ್ಟು ಹಾಕಿದರು. ಅಷ್ಟು ಜೋರಾಗಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಕಲ್ಲಿನ ಕಟ್ಟೆಗೆ ದೋಣಿ ಕಟ್ಟಿ, ಅವರ ಕಣ್ಣಿಗೆ ಬೈರಾಸು ಕಟ್ಟಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಅವರಿಗೆ ಬಟ್ಟೆ ಅಡ್ಡ, ನನಗೆ ಕೋಟೆಯೇ ಇಲ್ಲ. ಕಾಲಿನ ಅಂದಾಜಿನ ಮೇಲೆಯೇ ಬಾಗಿಲು ದಾಟಿ ಅಂಗಳಕ್ಕೆ ಬಂದೆವು. ಅಲ್ಲಿ ಬಡಗಿಗೆ ಮುಖ ಮಾಡಿ ನಿಲ್ಲಿಸಿ ಗಂಟು ಬಿಚ್ಚಿದೆ.

ಹಕ್ಕಿಗಳ ಗಲಾಟೆ ಕಿವಿ ತುಂಬಿತ್ತು. ನಾನು ಅವರ ಬೆನ್ನ ಹಿಂದೆಯೇ ನಿಂತೆ.

"ಬಡಗು ಮೂಲೆಯಲ್ಲಿ ಎತ್ತರದ ಬುರುಜು" ಎಂದರು. "ಅದರ ನೆತ್ತಿಯ ಬಿರುಕಿನಿಂದ ಎದ್ದ ಗೋಳಿಮರ. ಮರದಲ್ಲಿ ಕಡಲಹದ್ದಿನ ಗೂಡು. ಗೂಡು ಒಂದು ಮಂಚದಷ್ಟು ಅಗಲ. ಹೆಣ್ಣು ಹದ್ದು ಅಂಚಿನಲ್ಲಿ..."

ನನ್ನದೇ ಮಾತುಗಳು. ನಾನು ಉಸಿರು ತೆಗೆದುಕೊಳ್ಳುವಲ್ಲೇ ಅವರೂ ತೆಗೆದುಕೊಂಡರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇದ್ದ ಒಂದೇ ನೋಟವನ್ನು ಇವರು ನನ್ನ ಮನಸ್ಸು ನೋಯಬಾರದು ಅಂತ ಸುಳ್ಳು ಹೇಳುವುದರಲ್ಲಿ ಕಳೆಯುತ್ತಿದ್ದಾರಲ್ಲ!

"ಸಾಕು, ಸುಳ್ಳು ಹೇಳ್ಬೇಡಿ" ಎಂದೆ. "ಬುರುಜು ಬಿದ್ದಿದೆ. ನಾನು ಹತ್ತಿ ಮುಟ್ಟಿ ನೋಡಿದ್ದೇನೆ."

ಅವರು ನನ್ನ ಕಡೆಗೆ ತಿರುಗಹೊರಟರು. ನಾನು ಹಿಂದಿನಿಂದ ಎರಡೂ ಕೈಯಿಂದ ಅವರ ತಲೆ ಹಿಡಿದೆ. "ತಿರುಗ್ಬೇಡಿ ಮಾರಾಯ್ರೆ! ಬೈಯುವುದಿದ್ದರೆ ಆ ಕಡೆ ನೋಡಿಕೊಂಡೇ ಬೈಯಿರಿ!"

"ಗೊತ್ತಿದ್ದೂ ಹೇಳ್ಲಿಲ್ವಾ ನೀನು?" ಎಂದು ಅವರು ಎದುರಿನ ಕಲ್ಲುಗಳಿಗೆ ಕೇಳಿದರು.

"ಹೇಗೆ ಹೇಳುವುದು? ನಿಮಗೆ ಇದ್ದದ್ದೇ ಇದೊಂದು."

"ಹಾಗಾದ್ರೆ ಆ ದಿನ ಕಚ್ಚಿದ್ದು ಏಡಿ ಅಲ್ಲ."

"ಅಲ್ಲ. ಎಂತದೋ ಕುಕ್ಕಿತು."

ಬೈಗುಳ ಬರುತ್ತದೆ ಎಂದು ಕಾದೆ. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು.

"ಎಂತದೋ ಅಲ್ಲ ಮಾರಾಯ್ತಿ, ಕಡಲಕ್ಕಿ! ಆ ಬಿದ್ದ ಕಲ್ಲುಗಳ ಮೇಲೆ ಕಾಲಿಡ್ಲಿಕ್ಕೆ ಜಾಗ ಇಲ್ಲ, ಪೂರಾ ಕೂತಿದ್ದಾವೆ. ಒಂದೊಂದರ ಅಡಿಯಲ್ಲಿ ಒಂದೊಂದು ಮೊಟ್ಟೆ. ಗೂಡಿಲ್ಲ, ಎಂತ ಇಲ್ಲ, ಬರೀ ಕಲ್ಲಿನ ಮೇಲೆ. ನಮ್ಮ ಅಜ್ಜನಿಗೆ ಗೊತ್ತಿರ್ಲಿಲ್ಲ ಅಲ್ವಾ? ಇಲ್ಲಿ ಇಡ್ತವೆ. ಬುರುಜು ಇದ್ದಿದ್ದರೆ ಇಡ್ತಿರ್ಲಿಲ್ಲ."

ಆಮೇಲೆ ಅವರು ಹೇಳುತ್ತಲೇ ಹೋದರು. ಒಂದು ಹಕ್ಕಿ ಮೀನು ತಂದು ಇನ್ನೊಂದಕ್ಕೆ ಕೊಡುತ್ತಿದೆ, ಮೂರನೆಯದು ಕಸಿದುಕೊಂಡಿತು, ನಿನ್ನ ತಂಗಿಯ ಹಾಗೆ ಎಂದರು. ಮರಿಗಳು ಕಲ್ಲಿನ ಬಣ್ಣದ್ದೇ ಇದ್ದಾವೆ, ಅಲುಗಿದಾಗ ಮಾತ್ರ ಮರಿ ಅಂತ ಗೊತ್ತಾಗುತ್ತದೆ ಎಂದರು. ಇಪ್ಪತ್ತು ವರ್ಷ ಆ ಅಂಗಳದಲ್ಲಿ ಹೇಳಿದವಳು ನಾನು, ಅಂದು ಮೊದಲ ಸಲ ಬಾಯಿ ಮುಚ್ಚಿ ಕೇಳಿದೆ. ಹಾಗೆ ಕೇಳುವುದು ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೋಡ ಹತ್ತಿರ ಬಂತು. ಹೊರಡಲೇಬೇಕು. ಮುಖ ತಿರುಗಿಸದೆ ಹೋಗುವುದು ಹೇಗೆ? ಅವರು ಹಿಂದುಹಿಂದಕ್ಕೆ ಹೆಜ್ಜೆಯಿಟ್ಟರು, ನಾನು ಹಿಂದಿನಿಂದ ಹೊಸ ಅಂಗಿಯ ಚುಂಗು ಹಿಡಿದು ಎಳೆದುಕೊಂಡು ಬಂದೆ. ಬಾಗಿಲು ದಾಟಿ ಹೊರಗೆ ಬಂದ ಮೇಲೆ ಅವರು ತಲೆಯೆತ್ತಿ ನೋಡಿ ಆನೆಗಳು ಹಾಗೇ ಇವೆ ಎಂದರು.

"ಒಂದು ಆನೆಯ ಕಾಲಿನ ಹತ್ತಿರ ಸಣ್ಣ ಏಡಿ ಕೆತ್ತಿದ್ದಾರೆ. ಅದನ್ನು ನೀನು ಒಂದು ದಿನವೂ ಹೇಳ್ಲಿಲ್ಲ."

"ನಾನು ನೋಡಿದಾಗ ಏಡಿ ಗೀಡಿ ಇರ್ಲಿಲ್ಲ."

"ಹಾಗಾದ್ರೆ ಕಲ್ಲಿನ ಏಡಿ ಕಡಲಿಂದ ಹತ್ತಿ ಬಂತಾ?"

ನನಗೆ ಕಾಣದೆ ಹೋದದ್ದು ನಿಜ. ಒಪ್ಪಿಕೊಳ್ಳಲಿಲ್ಲ.

ದೋಣಿ ಹತ್ತಿದ ಮೇಲೆ ಕಷ್ಟವೇ ಇರಲಿಲ್ಲ. ಊರ ಕಡೆಗೆ ಬೆನ್ನು ಮಾಡಿ ಕೂತರೆ ಕೋಟೆ ಅವರ ಎದುರಿಗೇ. ಬೈರಾಸು ಹೆಗಲ ಮೇಲಿತ್ತು. ನಾನು ಎದುರಿಗೆ ಕೂತು ಎಂದಿನಂತೆ "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಿದ್ದೆ. ಅವರು ನನ್ನ ತಲೆಯ ಪಕ್ಕದಿಂದ ನೋಡುತ್ತ ಹುಟ್ಟು ಹಾಕಿದರು.

"ಸ್ವಲ್ಪ ಆಚೆ ಸರಿ, ನಿನ್ನ ತುರುಬು ಅಡ್ಡ ಬರ್ತದೆ."

ಸರಿದು ಕೂತೆ. "ಈಗ ಎಂತ ಕಾಣ್ತದೆ?"

"ಗೋಡೆ ಕಾಣ್ತದೆ. ಆನೆ ಕಾಣುವುದಿಲ್ಲ. ಹಕ್ಕಿಗಳು ಒಟ್ಟಿಗೆ ಎದ್ದು ಮತ್ತೆ ಕೂತವು."

ಅವು ಎದ್ದದ್ದು ನನಗೂ ಕಂಡಿತು. ಬೋಳು ಬಂಡೆಯ ಮೇಲೆ ಇದ್ದಕ್ಕಿದ್ದಂತೆ ಆಕಾಶದ ತುಂಬ ಹಕ್ಕಿ, ಮತ್ತೆ ಬಂಡೆಗಿಳಿಯುತ್ತಲೇ ಒಂದೂ ಇಲ್ಲ. ನಾನು ತಿರುಗಿ ನೋಡಿದ್ದು ಅದೊಂದು ಸಲವೇ.

ದಡ ಹತ್ತಿರವಾದಂತೆ ಅವರ ಮಾತು ಕಡಿಮೆಯಾಯಿತು. ಕೋಟೆ ಹೆಬ್ಬೆರಳಿನಷ್ಟಿದೆ ಎಂದರು. ಆಮೇಲೆ ಉಗುರಿನಷ್ಟು ಎಂದರು. ದೋಣಿಯ ತಳ ಮರಳಿಗೆ ತಾಗಿ ನಿಂತಿತು. ದಂಡೆಯಿಂದ ಯಾರೋ, ಮಳೆ ಬರ್ತದೆ, ಬೇಗ ಇಳಿಯಿರಿ ಎಂದು ಕೂಗಿದರು.

"ಇಳಿಯುವುದಲ್ವಾ?" ಎಂದೆ.

"ನೀನು ಇಳಿ" ಎಂದರು. "ಇಳಿಯಬೇಕಾದರೆ ನಾನು ತಿರುಗ್ಬೇಕು. ಮಳೆ ಬಂದು ಮುಚ್ಚಿದರೆ ಮುಚ್ಚಲಿ, ಕತ್ತಲೆ ಆದರೆ ಆಗ್ಲಿ. ನಾನಾಗಿ ತಿರುಗುವುದಿಲ್ಲ."

ನಾನೂ ಇಳಿಯಲಿಲ್ಲ. ಇಷ್ಟು ವರ್ಷ ವಾಪಸು ಬರುವ ದಾರಿಯಲ್ಲಿ ಅವರ ಮುಖದ ಮೇಲೆ ಬೈರಾಸು ಬಿಟ್ಟರೆ ನಾನು ಇನ್ನೇನನ್ನೂ ನೋಡಿರಲಿಲ್ಲ. ಅಂದು ಅವರ ಕಣ್ಣುಗಳು ನನಗೆ ಕಾಣುತ್ತಿದ್ದವು. ಮೊದಲ ಹನಿಗಳು ಬಿದ್ದವು, ಅವರು ಕೈಯಿಂದ ಹುಬ್ಬಿನ ನೀರು ಒರೆಸಿಕೊಂಡು ದೂರಕ್ಕೆ ನೋಡುತ್ತಲೇ ಇದ್ದರು. ಆ ಕಡೆ ನೋಡಲಿಕ್ಕೆ ನನಗೆ ಏನೂ ಇರಲಿಲ್ಲ. ಕೊಡೆ ಬಿಡಿಸಿ, ಅವರಿಗೆ ಅಡ್ಡ ಬಾರದ ಹಾಗೆ ವಾಲಿಸಿ ಹಿಡಿದುಕೊಂಡು ಅವರನ್ನೇ ನೋಡುತ್ತ ಕೂತೆ.